ಮಾರ್ಸೇಯ ಯೂನಿತೆ: ಹೊರಗಿನಿಂದ ನೋಡಿ ಬರಬೇಡಿ

ಫ್ರಾನ್ಸಿನ ಮಾರ್ಸೇಗೆ ಹೋದವರು ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆಯ ಯೂನಿತೆ ದಬಿತಾಸಿಯೋ ಎಂಬ ವಸತಿ ಕಟ್ಟಡದ ಎದುರು ನಿಂತು ಫೋಟೋ ತೆಗೆದು ಹೊರಟುಬಿಡುತ್ತಾರೆ. ದಪ್ಪ ಕಂಬಗಳು, ಒರಟು ಕಾಂಕ್ರೀಟು, ಬಾಲ್ಕನಿಯ ಪಕ್ಕದ ಗೋಡೆಗಳಿಗೆ ಕೆಂಪು, ಹಳದಿ, ನೀಲಿ. ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ವಾಸ್ತುಶಿಲ್ಪಿಯಾಗಿ ನಾನು ಹೇಳುವುದಿಷ್ಟು: ಈ ಕಟ್ಟಡದ ಜಾಣತನವೆಲ್ಲ ಒಳಗಿದೆ.

1947ರಲ್ಲಿ ಶುರುವಾಗಿ 1952ರಲ್ಲಿ ಮುಗಿದ ಇದರಲ್ಲಿ 337 ಮನೆಗಳಿವೆ. ಕಾರಿಡಾರ್ ಮಾತ್ರ ಪ್ರತಿ ಮಹಡಿಗೂ ಇಲ್ಲ, ಮೂರು ಮಹಡಿಗೊಂದು. ಹೆಚ್ಚಿನವು ಎರಡು ಅಂತಸ್ತಿನ ಮನೆಗಳು. ಕಾರಿಡಾರಿನ ಒಂದು ಬದಿಯ ಮನೆ ಹೊಕ್ಕರೆ ಮೆಟ್ಟಿಲು ಮೇಲಕ್ಕೆ ಹೋಗುತ್ತದೆ, ಎದುರು ಮನೆಯಲ್ಲಿ ಕೆಳಕ್ಕೆ. ಆ ಇನ್ನೊಂದು ಅಂತಸ್ತು ಕಾರಿಡಾರಿನ ಮೇಲೋ ಕೆಳಗೋ ಹಾದು ಕಟ್ಟಡದ ಆಚೆ ತುದಿಯವರೆಗೂ ಚಾಚಿಕೊಳ್ಳುತ್ತದೆ. ಹಾಗಾಗಿ ಒಂದೇ ಮನೆಗೆ ಪೂರ್ವದಿಂದ ಬೆಳಗಿನ ಬಿಸಿಲು, ಪಶ್ಚಿಮದಿಂದ ಸಂಜೆಯದು. ಎರಡೂ ಕಡೆ ಕಿಟಕಿ ತೆಗೆದರೆ ಗಾಳಿ ನೇರ ಹಾಯುತ್ತದೆ. ಚಳಿಗಾಳಿ ಮಿಸ್ಟ್ರಾಲ್ ಬೀಸುವ ಉತ್ತರಕ್ಕೆ ಮಾತ್ರ ಕಿಟಕಿಯೇ ಇಲ್ಲದ ಗೋಡೆ. ನಾವೀಗ ಕಟ್ಟುತ್ತಿರುವ ಎಷ್ಟೋ ಫ್ಲ್ಯಾಟುಗಳಲ್ಲಿ ಕಿಟಕಿಗಳೆಲ್ಲ ಒಂದೇ ಬದಿಗೆ. ಮಧ್ಯಾಹ್ನವೂ ಲೈಟ್ ಹಾಕಬೇಕು. ಅದಕ್ಕೇ ಕಟ್ಟಡವನ್ನು ಸೀಳಿದಂತೆ ಒಳಗನ್ನು ತೋರಿಸುವ ಇದರ ಅಡ್ಡಕೊಯ್ತದ ನಕ್ಷೆಯನ್ನು ಜೂನಿಯರ್‌ಗಳ ಮುಂದೆ ಮತ್ತೆ ಮತ್ತೆ ಇಡುತ್ತೇನೆ.

ಮನೆಯ ಅಗಲ 3.66 ಮೀಟರ್ ಮಾತ್ರ. ಮಕ್ಕಳ ಕೋಣೆಗಳು ಅದರಲ್ಲಿ ಅರ್ಧರ್ಧ. ಕಿರಿದು, ನಿಜ. ಆದರೆ ಎರಡರ ನಡುವೆ ಪಕ್ಕಕ್ಕೆ ಸರಿಸುವ ತಡಿಕೆ ಇದೆ, ಅದೇ ಕಪ್ಪುಹಲಗೆ ಕೂಡ. ಹಗಲು ಸರಿಸಿ ಒಂದೇ ದೊಡ್ಡ ಕೋಣೆ ಮಾಡಿಕೊಂಡು ಆಡಬಹುದು, ಸೀಮೆಸುಣ್ಣ ಹಿಡಿದು ಅದರ ಮೇಲೆ ಗೀಚಬಹುದು. ಮಕ್ಕಳನ್ನು ಇಷ್ಟು ಗಮನವಿಟ್ಟು ನೆನೆದ ವಸತಿ ಯೋಜನೆಗಳು ಕಡಿಮೆ.

ಕೆಳಗೆ ಕಂಬಗಳನ್ನು ಮುಟ್ಟಿ ನೋಡಿ. ಸೆಂಟ್ರಿಂಗ್ ಹಲಗೆಗಳ ನಾರು, ಸಂದು ಎಲ್ಲ ಹಾಗೇ ಅಚ್ಚೊತ್ತಿವೆ. ಯುದ್ಧ ಮುಗಿದ ಹೊಸತು, ಉಕ್ಕಿಗೆ ಬರ. ಕಾಂಕ್ರೀಟಿಗೆ ಹೋದರು, ಆ ಒರಟನ್ನು ಗಾರೆ ಮಾಡಿ ಮುಚ್ಚಲಿಲ್ಲ. ಮುಂದೆ ಬ್ರೂಟಲಿಸಂ ಅನ್ನಿಸಿಕೊಂಡ ಶೈಲಿಗೆ ಇದು ದೊಡ್ಡ ಪ್ರೇರಣೆ.

ಒಳಗಿನ ಕಾರಿಡಾರುಗಳು ನನ್ನ ಲೆಕ್ಕದಲ್ಲಿ ಜಾಸ್ತಿ ಕತ್ತಲೆ. ಅವನ್ನು ಬೀದಿ ಎಂದು ಕರೆದರೂ ಅಲ್ಲಿ ನಿಂತು ಹರಟೆ ಹೊಡೆಯುವ ಮನಸ್ಸಾಗುವುದಿಲ್ಲ. ತಾರಸಿ ಹಾಗಲ್ಲ. ಓಟದ ಪಥ, ಮಕ್ಕಳ ನೀರಾಟದ ಕೊಳ, ಶಿಲ್ಪದಂತಿರುವ ಗಾಳಿಗೊಳವೆಗಳು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ.

2016ರಲ್ಲಿ ಲೆ ಕಾರ್ಬೂಸಿಯೆಯದೇ ಆದ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಜೊತೆ ಒಂದೇ ಪಟ್ಟಿಯಲ್ಲಿ ಇದೂ ಯುನೆಸ್ಕೋ ವಿಶ್ವಪರಂಪರೆಗೆ ಸೇರಿತು. ಆದರೆ ಇದು ಮ್ಯೂಸಿಯಂ ಅಲ್ಲ, ಜನ ಇವತ್ತಿಗೂ ವಾಸವಿದ್ದಾರೆ. ಸುಮ್ನೆ ಯಾರ ಬಾಗಿಲನ್ನೂ ತಟ್ಟಬೇಡಿ. ಮನೆಯೊಂದನ್ನೂ ತೋರಿಸುವ ಗೈಡೆಡ್ ಟೂರ್ ಮೊದಲೇ ಬುಕ್ ಮಾಡಿಕೊಳ್ಳಿ.