ಮರುವರ್ಷವೂ ಬರುವ ದೇಣಿಗೆ

ಬಾಗಲಕೋಟೆ, ಬೆಳಗಾವಿ ಕಡೆಯ ಸಣ್ಣ ಸೇವಾ ಸಂಸ್ಥೆಗಳ ಲೆಕ್ಕಪತ್ರ ನೋಡಲು ಕುಳಿತಾಗ ನಾನು ಮೊದಲು ತರಿಸುವುದು ಹೋದ ವರ್ಷದ ರಸೀದಿ ಪುಸ್ತಕ. ಅದರಲ್ಲಿರುವ ಎಷ್ಟು ಹೆಸರುಗಳು ಈ ವರ್ಷದ ಪುಸ್ತಕದಲ್ಲೂ ಇವೆ? ಒಟ್ಟು ಮೊತ್ತಕ್ಕಿಂತ ನನಗೆ ಇದೇ ಮುಖ್ಯ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಹರಿದಾಗ ಜನ ಕೈಬಿಚ್ಚಿ ಕೊಟ್ಟರು. ಕೊಟ್ಟವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಂಡು, ನೀರು ಇಳಿದ ಮೇಲೆ ‘ನಿಮ್ಮ ಹಣದಲ್ಲಿ ಇಂಥ ಊರಿನ ಇಷ್ಟು ಮನೆಗೆ ತಗಡು ಹಾಕಿಸಿದೆವು’ ಎಂದು ತಿಳಿಸಿದ ಸಂಸ್ಥೆಗಳಿಗೆ ಅವರಲ್ಲಿ ಹಲವರು ಈಗಲೂ ಕೊಡುತ್ತಾರೆ. ‘ನೆರೆ ದೇಣಿಗೆ’ ಎಂದು ಒಂದೇ ಸಾಲಿನಲ್ಲಿ ಜಮಾ ಬರೆದವರಿಗೆ ಮತ್ತೆ ಯಾರ ಮನೆಗೆ ಹೋಗಬೇಕೆಂಬುದೇ ಗೊತ್ತಿಲ್ಲ.

ಒಬ್ಬನೇ ದೊಡ್ಡ ದಾನಿಯನ್ನು ನೆಚ್ಚುವುದು ಇನ್ನೂ ಅಪಾಯ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಬೆಂಗಳೂರಿನ ದೊಡ್ಡ ಸಂಸ್ಥೆಗಳ ಮೂಲಕ ಬರುತ್ತಿದ್ದ ವಿದೇಶಿ ಹಣದ ಮೇಲೆ ನಡೆಯುತ್ತಿದ್ದ ಹಳ್ಳಿಯ ಸಂಸ್ಥೆಗಳಿಗೆ ಆ ದಾರಿ ಮುಚ್ಚಿಹೋಯಿತು. ಕಂಪನಿಗಳು ಸಮಾಜಸೇವೆಗೆಂದು ಕಾನೂನಿನಂತೆ ಕೊಡಬೇಕಾದ ಸಿಎಸ್‌ಆರ್ ಹಣವೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2. ಲಾಭ ಕುಗ್ಗಿದರೆ ಅದೂ ಕುಗ್ಗುತ್ತದೆ.

ಊರವರನ್ನು ಕೇಳೋಣವೆಂದರೆ, ನಮ್ಮ ಸಂಸ್ಥೆಗಳವರು ಮಾರ್ಚ್‌ನಲ್ಲಿ 80ಜಿ, ಅಂದರೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯ ಕರಪತ್ರ ಹಿಡಿದು ಹೊರಡುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಮುಧೋಳದ ಕಬ್ಬಿನ ರೈತನಿಗೆ ಆ ಕರಪತ್ರದಿಂದ ಏನಾಗಬೇಕು? ಹೊಸ ತೆರಿಗೆ ಪದ್ಧತಿಯಲ್ಲಿರುವ ನೌಕರನಿಗೂ ಆ ವಿನಾಯಿತಿ ಸಿಗದು. ಹಳೆಯ ಪದ್ಧತಿಯಲ್ಲೇ ಇರುವ ವ್ಯಾಪಾರಿ, ನೌಕರರಿಗೆ ಮಾತ್ರ ಅದು ಬೇಕು. ಅವರಿಂದ 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಪಡೆಯಬೇಡಿ, ವಿನಾಯಿತಿ ತಪ್ಪುತ್ತದೆ. ಪ್ಯಾನ್ ನಂಬರನ್ನು ಅಲ್ಲೇ ಬರೆಸಿಕೊಳ್ಳಿ. ವಿನಾಯಿತಿಗೆ ಬೇಕಾದ ದೇಣಿಗೆ ಪ್ರಮಾಣಪತ್ರ ಸಿಗದ ದಾನಿ ಮುಂದಿನ ವರ್ಷ ಫೋನ್ ಎತ್ತುವುದಿಲ್ಲ.

ರೈತರ ಹತ್ತಿರ ಹೋಗಬೇಕಾದದ್ದು ಕಬ್ಬಿನ ಬಿಲ್ಲು ಕೈಸೇರಿದಾಗ, ಇಲ್ಲವೇ ಜೋಳದ ರಾಶಿ ಮುಗಿದಾಗ. ಬೀಜ, ಗೊಬ್ಬರಕ್ಕೆ ಓಡಾಡುವ ಮುಂಗಾರಿನಲ್ಲಿ ಅಲ್ಲ. ದಾಸೋಹಕ್ಕೆ ಚೀಲಗಟ್ಟಲೆ ಜೋಳ ಕೊಡುವ ನಾಡಿದು. ನಿಮ್ಮ ವಸತಿ ನಿಲಯಕ್ಕೂ ಕೊಡುತ್ತಾರೆ. ಆ ಜೋಳಕ್ಕೂ ರಸೀದಿ ಹರಿದುಕೊಡಿ: ಎಷ್ಟು ಚೀಲ, ಯಾವ ದಿನ, ಎಷ್ಟು ಮಕ್ಕಳ ಊಟಕ್ಕೆ.