ಪದ ಪರಿಚಯ: ರೆಫ್ಯೂಜಿಯಂ, ಅಂದರೆ ಹಿಮಯುಗದ ಮಡು

ಹೋದ ವೈಶಾಖದಲ್ಲಿ ಚಿಂಚೋಳಿ ಕಾಡಿನಂಚಿಗೆ, ಚಂದ್ರಂಪಳ್ಳಿ ಡ್ಯಾಮಿನ ಕಡೆಯ ಗುಡ್ಡದ ಓರೆಯಲ್ಲಿ ಒಂದು ಕಲ್ಲು ಸರಿಸಿದೆ. ಕೆಳಗೆ ನಾಲ್ಕೈದು ಬಸವನಹುಳು. ಚಿಪ್ಪಿನ ಬಾಯಿಗೆ ಒಣಗಿದ ಗಂಜಿಯಂಥ ಬಿಳಿ ಪೊರೆ. ಒಂದನ್ನು ಅಂಗೈಗೆ ತಗೊಂಡು ಅಲ್ಲಾಡಿಸಿದೆ. ಕುರಿ ಕಾಯುತ್ತಿದ್ದ ಕಾಕಾ ನಕ್ಕರು: “ಸತ್ತಿಲ್ಲ ತಮ್ಮಾ, ಮಲಗ್ಯಾವ. ಮಳಿ ಬಿದ್ದ ದಿನ ಬಂದು ನೋಡು.”

ಹತ್ತು ಹೆಜ್ಜೆ ಆಚೆ, ಬಿಸಿಲು ಕಾಯುವ ಬಯಲಲ್ಲಿ ಅಂಥವೇ ಚಿಪ್ಪುಗಳು ಸುಣ್ಣದ ಹಾಗೆ ಬೆಳ್ಳಗೆ, ಬರಿದಾಗಿ ಬಿದ್ದಿದ್ದವು. ಕಲ್ಲಡಿಯವು ಬದುಕಿದ್ದವು, ಬಯಲಿನವು ಹೋಗಿದ್ದವು. ರೆಫ್ಯೂಜಿಯಂ ಪದದ ಅರ್ಥ ಬಹುತೇಕ ಇಷ್ಟೇ: ಸುತ್ತೆಲ್ಲ ಹವೆ ಕೆಟ್ಟಾಗಲೂ ಜೀವ ಉಳಿದ ಜಾಗ. ಕಾಲದ ಅಳತೆ ಮಾತ್ರ ಒಂದು ಬೇಸಿಗೆಯದಲ್ಲ, ಸಾವಿರಾರು ವರ್ಷದ್ದು.

ಕನ್ನಡದಲ್ಲಿ ಇದನ್ನು ‘ಆಶ್ರಯತಾಣ’ ಎಂದು ಬರೆಯುತ್ತಾರೆ. ನನಗೆ ಆ ಅನುವಾದ ಅಷ್ಟು ಒಪ್ಪಿಗೆಯಿಲ್ಲ. ಆಶ್ರಯ ಅಂದ ಕೂಡಲೇ ಭೀಮೆಗೆ ನೆರೆ ಬಂದಾಗ ಗಂಟುಮೂಟೆ ಹೊತ್ತು ಶಾಲೆಯ ಕಟ್ಟಡ ಸೇರಿದವರು ಕಣ್ಣಿಗೆ ಬರುತ್ತಾರೆ. ಬಸವನಹುಳು ಎಲ್ಲಿಗೆ ಓಡೀತು? ಹೊಳೆದಂಡೆಯವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ: ಮಡು. ಮುಲ್ಲಾಮಾರಿ ಹೊಳೆ ಬೇಸಿಗೆಯಲ್ಲಿ ಸೊರಗಿ ಬಂಡೆ ತೋರಿಸುವಾಗಲೂ ಮಡುವಿನಲ್ಲಿ ನೀರಿರುತ್ತದೆ. ಸಣ್ಣ ಗುಂಡಿಯ ಮೀನು ಸಾಯುತ್ತವೆ, ಮಡುವಿನವು ಉಳಿಯುತ್ತವೆ. ಮುಂಗಾರಿಗೆ ಹೊಳೆ ತುಂಬಿದರೆ ಮೇಲಕ್ಕೂ ಕೆಳಕ್ಕೂ ಹರಡುವುದು ಅವುಗಳ ಸಂತಾನವೇ.

ಸುಮಾರು 21,000 ವರ್ಷಗಳ ಹಿಂದೆ ಕೊನೆಯ ಹಿಮಯುಗ ತುತ್ತತುದಿಯಲ್ಲಿತ್ತು. ಉತ್ತರ ಯುರೋಪಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ. ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗೆ. ದಕ್ಷಿಣ ಭಾರತಕ್ಕೆ ಹಿಮ ಬರಲಿಲ್ಲ, ಬರ ಬಂತು, ಮುಂಗಾರು ಸೊರಗಿತ್ತು. ಪರಿಸರ ವಿಜ್ಞಾನಿ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ಮಣ್ಣಿನ ಪದರಗಳನ್ನು ಪರೀಕ್ಷಿಸಿದಾಗ (ವರದಿ 1993ರದು) ಆ ಕಾಲದ ಪದರದಲ್ಲಿ ಸಿಕ್ಕಿದ್ದು ಒಣಹವೆಗೆ ಒಗ್ಗುವ ಹುಲ್ಲಿನ ಗುರುತು. ನಮ್ಮ ಜೋಳದ ಹಾಗೆ ಕಡಿಮೆ ನೀರಲ್ಲಿ ಸಂಸಾರ ತೂಗಿಸುವ ಹುಲ್ಲು ಅದು.

ಇಂಥ ಕಾಲದಲ್ಲಿ ಜೀವ ಉಳಿಸಿದ ಮಡುಗಳು ಬೆಟ್ಟಗಾಡಿನಲ್ಲೇ ಹೆಚ್ಚು. ಏಕೆ? ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪು. ಹವೆ ಬದಲಾದರೆ ಬೆಟ್ಟದ ಜೀವ ತಲೆಮಾರಿನಿಂದ ತಲೆಮಾರಿಗೆ ಕೆಲವು ನೂರು ಮೀಟರ್ ಮೇಲೆ ಕೆಳಗೆ ಸರಿದರೆ ಸಾಕು. ಕಲಬುರಗಿಯಂಥ ಬಯಲಲ್ಲಿ ಅದೇ ತಂಪು ಹುಡುಕಲು ನೂರಾರು ಕಿಲೋಮೀಟರ್ ಹೋಗಬೇಕು. ಮೇಲಾಗಿ ಬೆಟ್ಟ ಮೋಡ ತಡೆಯುತ್ತದೆ, ಕಣಿವೆಯಲ್ಲಿ ನೆರಳಿರುತ್ತದೆ, ತರಗೆಲೆ ತೇವ ಹಿಡಿದಿರುತ್ತದೆ.

ಈ ಕಥೆಗೆ ಬಸವನಹುಳುವಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಹಕ್ಕಿ ಹಾರಿಬಂದಿರಬಹುದು, ಇದು ಬಂದಿರಲಾರದು. ಸತ್ತ ಮೇಲೂ ಸುಣ್ಣದ ಚಿಪ್ಪು ಸುಣ್ಣಕಲ್ಲಿನ ನೆಲದಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಜೆಕ್ ವಿಜ್ಞಾನಿ ವೊಯೆನ್ ಲೊಝೆಕ್ ಮಧ್ಯ ಯುರೋಪಿನಲ್ಲಿ ಪದರ ಪದರವಾಗಿ ಚಿಪ್ಪು ಹೆಕ್ಕಿ, ಎಲ್ಲಿ ಯಾವಾಗ ಕಾಡಿತ್ತು, ಯಾವಾಗ ಬಯಲಿತ್ತು ಎಂದು ಹೇಳುತ್ತಿದ್ದರು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಳೆಕಾಡು ಒಣಕಾಲದಲ್ಲಿ ಬೆಟ್ಟದ ಮೇಲಿನ ತುಂಡುಗಳಾಗಿ ಕುಗ್ಗಿತ್ತು. ಅಲ್ಲಿನ ಒಂದೇ ಜಾತಿಯ ಬಸವನಹುಳುವಿನ ವಂಶವಾಹಿಗಳನ್ನು 2002ರ ಅಧ್ಯಯನವೊಂದು ಹಳೆಯ ಹವಾಮಾನದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿತು. ಕಾಡು ಎಲ್ಲೆಲ್ಲಿ ಉಳಿದಿರಬೇಕೆಂದು ಲೆಕ್ಕ ಹೇಳಿತೋ ಹೆಚ್ಚುಕಡಿಮೆ ಅಲ್ಲೆಲ್ಲ ಬೇರೆ ಬೇರೆ ವಂಶದ ಹುಳುಗಳಿದ್ದವು. ಒಂದೊಂದು ತುಂಡಿನಲ್ಲಿ ಸಿಕ್ಕಿಕೊಂಡವು ಪಕ್ಕದ ತುಂಡಿನವುಗಳ ಮುಖ ನೋಡದೆ ಎಷ್ಟೋ ಕಾಲ ಬಾಳಿ ಬೇರೆಯಾಗಿದ್ದವು. ಬೆಟ್ಟಗಾಡಿನಲ್ಲಿ ಬಸವನಹುಳುವಿನ ಬಗೆಗಳು ಹೆಚ್ಚಲು ಇದೂ ಒಂದು ಕಾರಣ. ಮಡುವಿನಲ್ಲಿ ಹಳೆಯ ವಂಶಗಳು ಒತ್ತಾಗಿರುತ್ತವೆ. ಆಮೇಲೆ ಹರಡಿದ ಜಾಗದಲ್ಲಿ ಅವುಗಳಲ್ಲಿ ಒಂದೆರಡರ ಮಕ್ಕಳೇ ಎಲ್ಲೆಲ್ಲೂ.

ಒಂದು ಮಾತು, ಪೇಪರಿನವರಿಗೆ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಸುತ್ತ ತೊಗರಿ ಹೊಲ, ನಡುವೆ ಹಸಿರು ಕಂಡರೆ ರೆಫ್ಯೂಜಿಯಂ ಅಂದುಬಿಡುವ ಆಸೆ ಆಗುತ್ತದೆ. ಇವತ್ತಿನ ಹಸಿರು ಅದಕ್ಕೆ ಪುರಾವೆಯಲ್ಲ. ಹಳೆಯ ಚಿಪ್ಪು, ಪರಾಗ, ಇದ್ದಿಲು, ವಂಶವಾಹಿ ಇವುಗಳಲ್ಲಿ ಎರಡಾದರೂ ಒಂದೇ ಮಾತು ಹೇಳಬೇಕು.

ಇನ್ನು ‘ಸೂಕ್ಷ್ಮ ರೆಫ್ಯೂಜಿಯಂ’ ಎಂದು ಓದಿದರೆ ಗಾಬರಿ ಬೇಡ. ದೊಡ್ಡ ಮಡುಗಳ ನಡುವೆ, ಬಂಡೆಯ ನೆರಳಲ್ಲಿ, ಆಳೆತ್ತರವೂ ಇಲ್ಲದ ಹೆಸರಿಲ್ಲದ ಗುಂಡಿಗಳಲ್ಲಿ ಒಮ್ಮೊಮ್ಮೆ ನೀರು ಉಳಿದಿರುತ್ತದಲ್ಲ, ಅವು.