ಬಾಂಡ್ ಮುರಿದರೆ ಜೈಲಾ?

ಕೆಲಸಕ್ಕೆ ಸೇರುವ ದಿನ ಎಚ್‌ಆರ್ ಮುಂದಿಟ್ಟ ಛಾಪಾ ಕಾಗದವನ್ನು ಯಾರೂ ಪೂರ್ತಿ ಓದುವುದಿಲ್ಲ. ಎರಡು ವರ್ಷ ಬಿಡೋ ಹಾಗಿಲ್ಲ, ಬಿಟ್ಟರೆ ಇಷ್ಟು ದುಡ್ಡು, ಜಾಮೀನಿಗೆ ಅಪ್ಪನ ಸಹಿ. ಇದೇ ಬಾಂಡ್. ನಾನೂ ಹಾಗೇ ಸಹಿ ಹಾಕಿದ್ದೆ. ಬೇರೆ ಕಡೆ ಆಫರ್ ಬಂದಾಗಲೇ ಅದರ ನೆನಪಾಗುವುದು. ಊರಿಂದ ಅಪ್ಪ ಫೋನ್ ಮಾಡಿ ಕೇಳುವುದೂ ಆಗಲೇ: 'ಪೊಲೀಸರು ಬರ್ತಾರೇನೋ?'

ಒಂದು ಕಾಲದಲ್ಲಿ ಬರುತ್ತಿದ್ದರು. 1859ರ ಕಾಯ್ದೆಯಲ್ಲಿ, ಮುಂಗಡ ಪಡೆದ ಕೂಲಿಯಾಳು ಕೆಲಸ ಬಿಟ್ಟು ಹೋಗಿ, ಮ್ಯಾಜಿಸ್ಟ್ರೇಟ್ ಹೇಳಿದ ಮೇಲೂ ಬಗ್ಗದಿದ್ದರೆ ಮೂರು ತಿಂಗಳವರೆಗೆ ಜೈಲು. 1925ರಲ್ಲಿ ಅದು ರದ್ದಾಯಿತು. ಆದರೆ ಹೆದರಿಕೆ ರದ್ದಾಗಲಿಲ್ಲ.

ಈಗ ಇದು ಸಿವಿಲ್ ವ್ಯಾಜ್ಯ, ಆಧಾರ 1872ರ ಕರಾರು ಕಾಯ್ದೆ. ಅದರ 27ನೇ ಕಲಂ ಪ್ರಕಾರ ದುಡಿಮೆಗೆ ಅಡ್ಡಗಾಲು ಹಾಕುವ ಕರಾರು ಊರ್ಜಿತವಲ್ಲ. 74ನೇ ಕಲಂ ಪ್ರಕಾರ, ಕಾಗದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ. ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಮನಸ್ಸಿಲ್ಲದವರನ್ನು ಎಳೆತಂದು ದುಡಿಸಿ ಎಂದು ಕೋರ್ಟು ಹೇಳುವುದಿಲ್ಲ. ಹಾಗಂತ ಬಿಟ್ಟವರದ್ದೇ ಗೆಲುವು ಅಂತಲೂ ಅಲ್ಲ. ಐದು ವರ್ಷದ ಕರಾರು ಮಾಡಿಕೊಂಡು ನಡುವೆ ಬಿಟ್ಟ ನೌಕರ, ಉಳಿದ ಅವಧಿಯಲ್ಲಿ ಪೈಪೋಟಿ ಕಂಪನಿಗೆ ದುಡಿಯದಂತೆ ತಡೆದದ್ದು ಸರಿ ಎಂದು 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು.

ಬಾಂಡಿನ ಮಾತು ಮತ್ತೆ ಜೋರಾಗಿದ್ದು ನಮ್ಮ ಕರ್ನಾಟಕದ್ದೇ ಬ್ಯಾಂಕೊಂದರ ಪ್ರಕರಣದಿಂದ. ವಿಜಯಾ ಬ್ಯಾಂಕ್ ಅಧಿಕಾರಿಯೊಬ್ಬರು 2007ರಲ್ಲಿ ಹೊಸ ಹುದ್ದೆಗೆ ಸೇರಿದರು. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿತ್ತು. 2009ರಲ್ಲಿ ಬಿಟ್ಟರು, ಆಕ್ಷೇಪ ಬರೆದುಕೊಟ್ಟು ದುಡ್ಡು ಕಟ್ಟಿದರು, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅಷ್ಟು ಹೊತ್ತಿಗೆ ವಿಜಯಾ ಬ್ಯಾಂಕೇ ಇರಲಿಲ್ಲ. 2019ರಲ್ಲೇ ಬ್ಯಾಂಕ್ ಆಫ್ ಬರೋಡಾ ಜೊತೆ ವಿಲೀನವಾಗಿತ್ತು.

ತೀರ್ಪಿನ ಸಾರ ಇಷ್ಟು: ಕೆಲಸದಲ್ಲಿರುವ ಅವಧಿಗೆ ಹಾಕಿದ ಷರತ್ತು 27ನೇ ಕಲಂಗೆ ವಿರುದ್ಧವಲ್ಲ. ಸರ್ಕಾರಿ ಬ್ಯಾಂಕ್ ಮತ್ತೊಬ್ಬರನ್ನು ತರಬೇಕಾದರೆ ಜಾಹೀರಾತು, ಆಯ್ಕೆ ಎಲ್ಲ ಮತ್ತೆ ಮೊದಲಿಂದ ಆಗಬೇಕು, ಅದಕ್ಕೆ ಖರ್ಚಿದೆ. ಆ ಹುದ್ದೆಯ ಸಂಬಳಕ್ಕೆ 2 ಲಕ್ಷ, ರಾಜೀನಾಮೆಯೇ ಅಸಾಧ್ಯ ಅನ್ನುವಷ್ಟು ದೊಡ್ಡದಲ್ಲ.

ಈ ಕಾರಣಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. 'ಸುಪ್ರೀಂ ಕೋರ್ಟ್ ಬಾಂಡ್ ಸರಿ ಅಂದಿದೆ' ಅನ್ನುವವರು ಇಷ್ಟು ಹೇಳಿ ಸುಮ್ಮನಾಗುತ್ತಾರೆ. ಹಿರಿಯ ಬ್ಯಾಂಕ್ ಅಧಿಕಾರಿಯ ಸಂಬಳವೆಲ್ಲಿ, ಹೊಸದಾಗಿ ಸೇರಿದ ಹುಡುಗಿಯ ಸಂಬಳವೆಲ್ಲಿ? ಎರಡು ವಾರ ಸ್ಲೈಡ್ ತೋರಿಸಿ ಅದನ್ನೇ ಟ್ರೈನಿಂಗ್ ಅಂದರೆ, ಖರ್ಚಿನ ಲೆಕ್ಕವನ್ನು ಕಂಪನಿಯೇ ಕೊಡಬೇಕಲ್ವಾ?

ಆದರೆ ಹೆಚ್ಚಿನವರು ಕೋರ್ಟಿನವರೆಗೆ ಹೋಗುವುದೇ ಇಲ್ಲ. ಹೊಸ ಕಂಪನಿ ರಿಲೀವಿಂಗ್ ಲೆಟರ್, ಅಂದರೆ ಹಳೇ ಕೆಲಸದಿಂದ ಬಿಡುಗಡೆ ಮಾಡಿದ ಪತ್ರ, ಕೇಳುತ್ತದೆ, ಹಳೆಯದು ಕೊಡುವುದಿಲ್ಲ. ಸೇರುವ ತಾರೀಖು ಹತ್ತಿರ ಬಂದಿರುತ್ತದೆ. ದುಡ್ಡು ಕಟ್ಟಿಬಿಡುತ್ತಾರೆ.